ಬೆಳಗಿನ ಹಾಲು, ಸಂಜೆ ಹಾಲು, ನಡುವೆ ಆವಣಿ ಬೆಟ್ಟ: ಒಂದು ದಿನದ ಪ್ಲಾನ್ ಹಾಕೋದು ಹೇಗೆ?

ಈ ಸಲ ನಾವು ಬರೀತಿರೋದು ಒಂದು ಪ್ರವಾಸದ ಬಗ್ಗೆ. ಆದರೆ ಇದು ಪ್ರವಾಸ ಕಥನ ಅಲ್ಲ. ಪ್ರವಾಸಕ್ಕೆ ಹೊರಡೋ ಮುಂಚೆ ಪೇಪರ್ ಮೇಲೆ ಮಾಡೋ ಕೆಲಸದ ಬಗ್ಗೆ.

ಹಾಸ್ಟೆಲ್‌ನಲ್ಲಿ ಈಗ ಎಲ್ಲರ ಫೋನಲ್ಲೂ ಜಪಾನಿನ ಫ್ಯೂಜಿ ಬೆಟ್ಟದ ರೀಲ್ಸ್. 'ಟೋಕಿಯೋದಿಂದ ಒಂದೇ ದಿನದಲ್ಲಿ ಫ್ಯೂಜಿ' ಅಂತ ಒಂದರ ಹಿಂದೆ ಒಂದು ಬರ್ತಾನೇ ಇರುತ್ತೆ. ಗಮನವಿಟ್ಟು ನೋಡಿದರೆ ಒಂದು ವಿಷಯ ಗೊತ್ತಾಗುತ್ತೆ. ಒಂದು ದಿನಕ್ಕೆ ಅಂತ ಹೋಗೋರು ಸಾಮಾನ್ಯವಾಗಿ ಬೆಟ್ಟ ಹತ್ತೋದೇ ಇಲ್ಲ. ಅದು 3,776 ಮೀಟರ್ ಎತ್ತರದ ಅಗ್ನಿಪರ್ವತ. ಹತ್ತೋ ಸೀಸನ್ ಹೆಚ್ಚು ಕಮ್ಮಿ ಜುಲೈಯಿಂದ ಸೆಪ್ಟೆಂಬರ್ ಶುರುವಿನ ತನಕ ಮಾತ್ರ. ಹಾಗಾಗಿ ಜನ ಬೆಟ್ಟದ ಸುತ್ತ ಓಡಾಡ್ತಾರೆ. ಕವಾಗುಚಿ ಅನ್ನೋ ಸರೋವರದ ದಡಕ್ಕೆ ಹೋಗ್ತಾರೆ, ಒಂದು ದೇವಾಲಯ ನೋಡ್ತಾರೆ, ಊಟ ಮಾಡಿ ಬಸ್ ಹತ್ತಿ ವಾಪಸ್ ಬರ್ತಾರೆ. ಮಧ್ಯಾಹ್ನ ಆಗ್ತಾ ಆಗ್ತಾ ಮೋಡ ಮುಚ್ಚಿಕೊಳ್ಳೋದು ಹೆಚ್ಚು, ಅದಕ್ಕೇ ಬೆಳಗ್ಗೆ ಬೇಗ ಹೋಗಿ ಅಂತ ಎಲ್ಲರೂ ಹೇಳ್ತಾರೆ. ಅಂದರೆ ಅವರ ಪ್ಲಾನ್ ಶುರು ಆಗೋದು 'ಏನೇನು ನೋಡೋದು' ಅನ್ನೋ ಪಟ್ಟಿಯಿಂದ ಅಲ್ಲ. 'ಬೆಟ್ಟ ನಮಗೆ ಎಷ್ಟೊತ್ತಿಗೆ ಸಿಗುತ್ತೆ, ನಾವು ಎಷ್ಟೊತ್ತಿಗೆ ವಾಪಸ್ ಬರಬೇಕು' ಅನ್ನೋ ಎರಡು ಪ್ರಶ್ನೆಯಿಂದ.

ಇದೇ ಎರಡು ಪ್ರಶ್ನೆ ಇಟ್ಟುಕೊಂಡು ನಾವು ಆವಣಿ ಬೆಟ್ಟಕ್ಕೆ ಪ್ಲಾನ್ ಹಾಕಿದ್ವಿ. ಕಾರಣ ಇದೆ. ನಮ್ಮ ಗುಂಪಿನಲ್ಲಿ ಒಬ್ಬ ಬೈರಕೂರಿನವನು. ಬೈರಕೂರು ಅಂದರೆ ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಒಂದು ಹೋಬಳಿ, ಆಂಧ್ರದ ಗಡಿ ಪಕ್ಕ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಜಗಳದಲ್ಲಿ ಎರಡೂ. ಅವನ ಅಜ್ಜಿಗೆ ಎಪ್ಪತ್ತು ದಾಟಿದೆ. ಮದುವೆಯಾದ ಹೊಸದರಲ್ಲಿ ಹರಕೆ ಹೊತ್ತು ಆವಣಿ ಬೆಟ್ಟ ಹತ್ತಿ ಸೀತಮ್ಮನನ್ನ ನೋಡಿದ್ದು, ಅಷ್ಟೇ. ಕಾಲು ಇನ್ನೂ ಆಡ್ತಿರೋವಾಗಲೇ ಇನ್ನೊಂದು ಸಲ ನೋಡಬೇಕು ಅಂತ ಅವರ ಆಸೆ. ಆವಣಿ ಇರೋದೂ ಅದೇ ತಾಲ್ಲೂಕಿನಲ್ಲಿ. ಇಷ್ಟು ಹತ್ತಿರ ಇದ್ದೂ ಇಷ್ಟು ವರ್ಷ ಯಾಕೆ ಆಗಲಿಲ್ಲ ಅಂತ ಕೇಳಿದಾಗ ಅಜ್ಜಿ ಹೇಳಿದ ಉತ್ತರ ಒಂದೇ: "ಹಸು ಯಾರು ನೋಡ್ಕೊಳ್ತಾರಪ್ಪಾ?"

'ಒಂದು ದಿನ' ಅಂದರೆ ಎಷ್ಟು ಗಂಟೆ?

ಇಲ್ಲೇ ನಮ್ಮ ಪ್ಲಾನ್‌ನ ಮೊದಲ ಪಾಠ ಸಿಕ್ಕಿತು. ಇಂಟರ್ನೆಟ್‌ನಲ್ಲಿ ಸಿಗೋ 'ಬೆಂಗಳೂರಿನಿಂದ ಒಂದು ದಿನದ ಪ್ರವಾಸ' ಪಟ್ಟಿಗಳನ್ನ ನೋಡಿ. ಬೆಳಗ್ಗೆ ಐದಕ್ಕೆ ಕಾರಲ್ಲಿ ಹೊರಟು ರಾತ್ರಿ ಹತ್ತಕ್ಕೆ ಮನೆಗೆ. ಅಂತರಗಂಗೆ, ಕೋಟಿಲಿಂಗೇಶ್ವರ, ಕೆಜಿಎಫ್, ಆವಣಿ, ಕುರುಡುಮಲೆ, ಎಲ್ಲ ಒಂದೇ ದಿನ. ಅದು ಹದಿನೇಳು ಗಂಟೆಯ ದಿನ. ಕೋಲಾರದ ಹಳ್ಳಿ ಮನೆಗಳಲ್ಲಿ ಅಷ್ಟು ಉದ್ದದ ದಿನ ಯಾರಿಗೂ ಇಲ್ಲ. ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಬೇಕು, ಸಂಜೆ ಮತ್ತೆ ಕರೆದು ಹಾಕಬೇಕು. ಹೊತ್ತಿಗೆ ಸರಿಯಾಗಿ ಕರೆಯದಿದ್ದರೆ ಹಸುವಿಗೂ ಹಿಂಸೆ, ಮನೆಗೂ ನಷ್ಟ. ಪಕ್ಕದ ಮನೆಯವರು ಒಂದು ಹೊತ್ತು ನೋಡ್ಕೊಳ್ತಾರೆ, ಎರಡು ಹೊತ್ತು ಕೇಳೋಕೆ ಸಂಕೋಚ.

ಹಾಗಾಗಿ ನಮ್ಮ 'ಒಂದು ದಿನ' ಬೆಳಗ್ಗೆ 7ರಿಂದ ಸಂಜೆ 5ರ ತನಕ. ಬರೀ ಹತ್ತು ಗಂಟೆ. ಇದನ್ನ ಮೊದಲೇ ಒಪ್ಪಿಕೊಂಡರೆ ಮಿಕ್ಕಿದ್ದೆಲ್ಲ ಸುಲಭ. ನಮ್ಮ ಹುಡುಗರ ಭಾಷೆಯಲ್ಲಿ ಹೇಳೋದಾದರೆ ಇದು ಕನ್‌ಸ್ಟ್ರೇಂಟ್. ಕನ್‌ಸ್ಟ್ರೇಂಟ್ ಬರೆಯದೆ ಪ್ರಾಬ್ಲಮ್ ಬಿಡಿಸೋಕೆ ಕೂತರೆ ಉತ್ತರ ಏನೋ ಬರುತ್ತೆ, ಆದರೆ ಆ ಉತ್ತರ ಯಾರ ಮನೆಗೂ ಹೊಂದಲ್ಲ. ನಿಮ್ಮ ಮನೆಯಲ್ಲಿ ಹಸು ಇಲ್ಲದೇ ಇರಬಹುದು. ಆದರೆ ಹೊತ್ತಿಗೆ ಮಾತ್ರೆ ತಗೊಳ್ಳೋ ತಾತ ಇರಬಹುದು, ಸಂಜೆ ಅಂಗಡಿ ತೆಗೀಬೇಕಾದ ಅಪ್ಪ ಇರಬಹುದು. ಅದನ್ನ ಮೊದಲ ಸಾಲಲ್ಲಿ ಬರೆಯಿರಿ.

ಆವಣಿಯಲ್ಲಿ ಏನಿದೆ?

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳ್ತೀವಿ. ರಾಮಾಯಣದ ಉತ್ತರಕಾಂಡದಲ್ಲಿ ರಾಮ ಸೀತೆಯನ್ನ ಕಾಡಿಗೆ ಕಳಿಸಿದ ಮೇಲೆ ಅವಳು ವಾಲ್ಮೀಕಿ ಆಶ್ರಮದಲ್ಲಿ ಇರ್ತಾಳಲ್ಲ, ಆ ಆಶ್ರಮ ಇದ್ದಿದ್ದು ಇದೇ ಬೆಟ್ಟದಲ್ಲಿ, ಲವ-ಕುಶ ಹುಟ್ಟಿದ್ದೂ ಇಲ್ಲೇ ಅಂತ ಈ ಕಡೆಯ ನಂಬಿಕೆ. ಉತ್ತರ ಪ್ರದೇಶದ ಬಿಠೂರಿನಲ್ಲೂ ಇದೇ ಕಥೆ ಹೇಳ್ತಾರೆ. ಒಂದೇ ಕಥೆ ಎರಡು ಊರಿನಲ್ಲಿ ಇರೋದು ನಮ್ಮ ದೇಶದಲ್ಲಿ ಹೊಸದೇನಲ್ಲ. ಆದರೆ ಆವಣಿಯ ವಿಶೇಷ ಏನಂದರೆ ಬೆಟ್ಟದ ಮೇಲೆ ಸೀತೆಗೆ ಅಂತಲೇ ಒಂದು ಗುಡಿ ಇದೆ. ರಾಮನ ಪಕ್ಕ ನಿಂತ ಸೀತೆ ಎಲ್ಲ ಊರಲ್ಲೂ ಸಿಗ್ತಾಳೆ, ಅವಳದ್ದೇ ಗುಡಿ ಸಿಗೋದು ಅಪರೂಪ. ಮಕ್ಕಳಾಗಲಿ ಅಂತ ಹರಕೆ ಹೊತ್ತ ಹೆಂಗಸರು ಇಲ್ಲಿಗೆ ಬರ್ತಾರೆ. ಗಂಡ ಬಿಟ್ಟ ಮೇಲೂ ಇಬ್ಬರು ಮಕ್ಕಳನ್ನ ಸಾಕಿ ದೊಡ್ಡವರನ್ನಾಗಿ ಮಾಡಿದವಳು ಅಂತ ಅಜ್ಜಿಯಂಥವರಿಗೆ ಅವಳ ಮೇಲೆ ಒಂದು ಬೇರೆ ರೀತಿಯ ಪ್ರೀತಿ.

ಬೆಟ್ಟದ ಕೆಳಗೆ, ಊರಲ್ಲಿ, ರಾಮಲಿಂಗೇಶ್ವರ ದೇವಸ್ಥಾನಗಳ ಗುಂಪು ಇದೆ. ಒಂದೇ ಪ್ರಾಕಾರದ ಒಳಗೆ ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ. ಮಕ್ಕಳ ಮೇಲೆಯೇ ಯುದ್ಧ ಮಾಡಿದ ಪಾಪ ಕಳೀಲಿ ಅಂತ ಅಣ್ಣತಮ್ಮಂದಿರು ಒಬ್ಬೊಬ್ಬರು ಒಂದೊಂದು ಲಿಂಗ ಇಟ್ಟರು ಅನ್ನೋದು ಕಥೆ. ಇತಿಹಾಸ ಹೇಳೋದು, ಇವು ನೊಳಂಬರ ಕಾಲದ್ದು, ಹೆಚ್ಚಾಗಿ 10ನೇ ಶತಮಾನ. 11ನೇ ಶತಮಾನದ ಶುರುವಿನಲ್ಲಿ ಈ ಸೀಮೆ ಚೋಳರ ಕೈಗೆ ಹೋಯಿತು, ಆಮೇಲೆ ಅವರ ಕಾಲದ ಕೆಲಸವೂ ಸೇರಿಕೊಂಡಿತು. ಇಲ್ಲಿನ ಒಂದು ಶಾಸನದಲ್ಲಿ ತ್ರಿಭುವನಕರ್ತ ಅನ್ನೋ ಗುರುಗಳ ವಿಷಯ ಬರುತ್ತೆ. ನಲವತ್ತು ವರ್ಷ ಈ ಸ್ಥಾನವನ್ನ ನೋಡಿಕೊಂಡು ಐವತ್ತು ಗುಡಿ, ಎರಡು ದೊಡ್ಡ ಕೆರೆ ಕಟ್ಟಿಸಿದರು ಅಂತ. ನದಿಗಳೆಲ್ಲ ಬತ್ತಿ ಕೆರೆ ನಂಬಿಕೊಂಡೇ ಬದುಕೋ ಕೋಲಾರದಲ್ಲಿ ಗುಡಿಗಳ ಜೊತೆ ಕೆರೆಯನ್ನೂ ಲೆಕ್ಕ ಹಾಕಿ ಕಲ್ಲಲ್ಲಿ ಬರೆಸಿದ್ದು ನಮಗೆ ತುಂಬಾ ಇಷ್ಟ ಆಯ್ತು. ಈಗ ಈ ಗುಂಪು ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ.

ಮೊದಲನೇ ಲೆಕ್ಕ: ಬಂಡೆ ಎಷ್ಟೊತ್ತಿಗೆ ಸುಡುತ್ತೆ?

ಫ್ಯೂಜಿಯಲ್ಲಿ ಮೋಡ ನೋಡಿಕೊಂಡು ಟೈಮ್ ಹಾಕ್ತಾರೆ. ಆವಣಿಯಲ್ಲಿ ನೋಡಬೇಕಾದ್ದು ಬಂಡೆಯ ಬಿಸಿ. ಎರಡು ಬೆಟ್ಟದ ಜಾತಿಯೇ ಬೇರೆ. ಫ್ಯೂಜಿ ಭೂಮಿಯ ಲೆಕ್ಕದಲ್ಲಿ ಮೊನ್ನೆ ಮೊನ್ನೆ ಹುಟ್ಟಿದ್ದು, ಕೊನೆಯ ಸಲ ಬೆಂಕಿ ಉಗುಳಿದ್ದು 1707ರಲ್ಲಿ. ನಮ್ಮ ಕೋಲಾರದ ಕಡೆಯ ಕಲ್ಲು ಸುಮಾರು 250 ಕೋಟಿ ವರ್ಷ ಹಳೆಯದು. ಮೇಲಿನ ಮಣ್ಣೆಲ್ಲ ಕೊಚ್ಚಿ ಹೋಗಿ, ಬಿಸಿಲು-ಮಳೆಗೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಚ್ಚಿಕೊಂಡು ಉಳಿದ ಬೋಳು ಬಂಡೆ ಇದು. ಮರದ ನೆರಳು ಕಮ್ಮಿ.

ಕಲ್ಲು ಯಾಕೆ ಅಷ್ಟು ಬೇಗ ಕಾಯುತ್ತೆ? ಒಂದು ಕೆಜಿ ನೀರನ್ನ ಒಂದು ಡಿಗ್ರಿ ಬಿಸಿ ಮಾಡೋಕೆ ಬೇಕಾಗೋ ಶಾಖದ ಸುಮಾರು ಐದನೇ ಒಂದು ಭಾಗ ಸಾಕು, ಒಂದು ಕೆಜಿ ಗ್ರಾನೈಟ್‌ಗೆ. ಅದಕ್ಕೇ ಬಿಸಿಲು ಬಿದ್ದ ಬಂಡೆ ಕಾದ ಹೆಂಚಿನ ಹಾಗಾಗುತ್ತೆ, ಪಕ್ಕದ ಕೊಳದ ನೀರು ತಣ್ಣಗೇ ಇರುತ್ತೆ. ಇನ್ನೊಂದು ವಿಷಯ: ಸೂರ್ಯ ನೆತ್ತಿ ಮೇಲೆ ಬಂದಾಗಲೇ ಬಂಡೆ ಅತಿ ಬಿಸಿ ಇರುತ್ತೆ ಅಂದ್ಕೊಂಡರೆ ತಪ್ಪು. ಒಳಗೆ ಬರೋ ಶಾಖ ಹೊರಗೆ ಹೋಗೋ ಶಾಖಕ್ಕಿಂತ ಜಾಸ್ತಿ ಇರೋ ತನಕ ಬಿಸಿ ಏರ್ತಾನೇ ಇರುತ್ತೆ. ಕೆಪಾಸಿಟರ್ ಚಾರ್ಜ್ ಆಗೋದು ತಡ ಆಗುತ್ತಲ್ಲ, ಹಾಗೇ.

ಸೂರ್ಯ ನೆತ್ತಿಗೆ ಬರೋದಾದರೂ ಎಷ್ಟೊತ್ತಿಗೆ? ಹನ್ನೆರಡಕ್ಕೆ ಅಲ್ಲ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು. ಮುಳಬಾಗಿಲು ಇರೋದು ಸುಮಾರು 78.4 ಡಿಗ್ರಿಯಲ್ಲಿ. ವ್ಯತ್ಯಾಸ 4.1 ಡಿಗ್ರಿ. ಭೂಮಿ ಒಂದು ಡಿಗ್ರಿ ತಿರುಗೋಕೆ 4 ನಿಮಿಷ. ಅಂದರೆ ವರ್ಷದ ಸರಾಸರಿಯಲ್ಲಿ ಇಲ್ಲಿ ನಡು ಮಧ್ಯಾಹ್ನ ಆಗೋದು 12 ಗಂಟೆ 16 ನಿಮಿಷದ ಹೊತ್ತಿಗೆ. ಫೆಬ್ರವರಿಯಲ್ಲಿ ಇನ್ನೂ ಹದಿನೈದು ನಿಮಿಷ ತಡ, ನವೆಂಬರ್ ಶುರುವಿನಲ್ಲಿ ಅಷ್ಟೇ ಬೇಗ. ಹಾಗಾಗಿ ಬಂಡೆ ಕಾಲಿಡೋಕಾಗದಷ್ಟು ಸುಡೋದು ಮಧ್ಯಾಹ್ನ ಒಂದು, ಎರಡರ ಸುಮಾರಿಗೆ. ಹನ್ನೊಂದೂವರೆ ಒಳಗೆ ಕೆಳಗೆ ಇಳಿದಿರಬೇಕು. ಬರಿಗಾಲಲ್ಲಿ ಹತ್ತೋ ಹರಕೆ ಇದ್ದವರಿಗಂತೂ ಇದು ಮಾತುಕತೆಗೆ ಜಾಗವೇ ಇಲ್ಲದ ನಿಯಮ. 'ಕೆಳಗಿನ ದೇವಸ್ಥಾನ ಮೊದಲು, ಬೆಟ್ಟ ಆಮೇಲೆ' ಅಂತ ಹೋದರೆ ಬಂಡೆ ಪಾಠ ಕಲಿಸುತ್ತೆ. ನಮ್ಮ ಕ್ರಮ ತಿರುಗುಮುರುಗು: ಬೆಟ್ಟ ಮೊದಲು, ನೆರಳಿರೋ ಕಲ್ಲಿನ ಮಂಟಪ ಆಮೇಲೆ.

ಎರಡನೇ ಲೆಕ್ಕ: ಎಲ್ಲರಿಗಿಂತ ನಿಧಾನ ಯಾರು?

ವಿಲಿಯಂ ನೈಸ್ಮಿತ್ ಅನ್ನೋ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಅದನ್ನ ಮೀಟರ್ ಲೆಕ್ಕಕ್ಕೆ ತಂದರೆ ಹೀಗೆ: ಸಮತಟ್ಟು ದಾರಿಗೆ 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ 100 ಮೀಟರ್ ಏರಿಗೆ 10 ನಿಮಿಷ ಹೆಚ್ಚುವರಿ. ಲೆಕ್ಕಕ್ಕೆ ಅಂತ ಒಂದು ಬೆಟ್ಟದ ದಾರಿ ಒಂದು ಕಿಲೋಮೀಟರ್, ಏರು 150 ಮೀಟರ್ ಅಂತ ಇಟ್ಟುಕೊಳ್ಳಿ. ನಡಿಗೆಗೆ 12 ನಿಮಿಷ, ಏರಿಗೆ 15 ನಿಮಿಷ, ಒಟ್ಟು 27 ನಿಮಿಷ.

ಆದರೆ ಇದು ಗಟ್ಟಿಮುಟ್ಟಾದ, ಅಭ್ಯಾಸ ಇರೋ ಜನರ ಲೆಕ್ಕ. ನಾವು ಹುಡುಗರಿಗೆ ಒಂದೂವರೆ ಪಟ್ಟು ಹಾಕಿದ್ವಿ, ಅಜ್ಜಿಗೆ ಮೂರು ಪಟ್ಟು. 27ರ ಮೂರು ಪಟ್ಟು ಅಂದರೆ 81 ನಿಮಿಷ. ಈಗ ಗುಂಪಿನ ಟೈಮ್ ಎಷ್ಟು? ಸರಾಸರಿ ಅಲ್ಲ, 81 ನಿಮಿಷವೇ. ಸರಪಳಿಯಲ್ಲಿ ಎಲ್ಲಕ್ಕಿಂತ ಸಣ್ಣ ಕೊಂಡಿ ತಡೆಯೋಷ್ಟೇ ಭಾರ ಸರಪಳಿ ತಡೆಯೋದು. ಹುಡುಗರು ಮುಂದೆ ಓಡಿ ಹೋಗಿ ಮೇಲೆ ಕೂತು ಕಾಯೋದರಿಂದ ಒಂದು ನಿಮಿಷವೂ ಉಳಿಯಲ್ಲ. ಬದಲಿಗೆ ಹಿಂದೆ ಬರೋರಿಗೆ 'ನನ್ನಿಂದ ಎಲ್ಲರಿಗೂ ತಡ' ಅನ್ನೋ ಮುಜುಗರ. ಹಾಗಾಗಿ ನಮ್ಮ ನಿಯಮ: ಅಜ್ಜಿ ಮುಂದೆ, ನಾವು ಹಿಂದೆ. ಅವರು ಕೂತಾಗ ಎಲ್ಲರೂ ಕೂರಬೇಕು.

ಪ್ಲಾನ್ ತೋರಿಸೋಕೆ ಹೋದಾಗ ಕೇಳಿದ್ವಿ, "ಅಜ್ಜಿ, ಹತ್ತೋಕಾಗುತ್ತಾ?" ಅಂತ.

"ಹತ್ತೋದು ನನ್ನ ಕೆಲಸ ಕಣಪ್ಪಾ. ಇಳಿಸೋದು ನಿಮ್ಮ ಕೆಲಸ."

ಇದು ತಮಾಷೆ ಮಾತಲ್ಲ. ಹತ್ತೋವಾಗ ಉಸಿರು ಹೋಗುತ್ತೆ, ಇಳಿಯೋವಾಗ ಮಂಡಿ ಹೋಗುತ್ತೆ. ಇಳಿಯೋವಾಗ ಪ್ರತಿ ಹೆಜ್ಜೆಯಲ್ಲೂ ಮೈ ಭಾರವನ್ನ ತಡೆದು ನಿಲ್ಲಿಸೋ ಕೆಲಸ ತೊಡೆಯ ಸ್ನಾಯು ಮತ್ತು ಮಂಡಿಯದ್ದು. ಅದಕ್ಕೇ ಇಳಿಯೋಕೆ ಅರ್ಧ ಟೈಮ್ ಸಾಕು ಅಂತ ಬರೆದಿದ್ದನ್ನ ಹೊಡೆದು ಹಾಕಿ 50 ನಿಮಿಷ ಇಟ್ವಿ. ಒಂದು ಊರುಗೋಲು, ಹಿಂದೆ-ಮುಂದೆ ಒಬ್ಬೊಬ್ಬರು.

ಜೊತೆಗೆ ವಾಪಸ್ ತಿರುಗೋ ಟೈಮ್ ಒಂದನ್ನ ಮೊದಲೇ ಮಾತಾಡಿ ಇಟ್ಟುಕೊಳ್ಳಿ. 'ಹತ್ತೂ ಮುಕ್ಕಾಲಿಗೆ ಎಲ್ಲಿದ್ದರೂ ಇಳಿಯೋಕೆ ಶುರು' ಅಂತ. ಇದನ್ನ ಮನೆಯಲ್ಲೇ, ಕಾಫಿ ಕುಡೀತಾ ಹೇಳಬೇಕು. ಅರ್ಧ ಬೆಟ್ಟದಲ್ಲಿ ಹೇಳಿದರೆ ದೊಡ್ಡವರಿಗೆ ಅವಮಾನ ಮಾಡಿದ ಹಾಗಾಗುತ್ತೆ. ಹತ್ತೋಕೆ ಆಗದೇ ಇರೋರನ್ನೂ ಬಿಟ್ಟು ಹೋಗಬೇಡಿ. ಕೆಳಗಿನ ದೇವಸ್ಥಾನಗಳ ಗುಂಪೇ ಅರ್ಧ ದಿನ ನೋಡೋಷ್ಟಿದೆ, ಕೆಳಗಿಂದ ಬೆಟ್ಟ ನೋಡ್ತಾ ಕೂರೋದೂ ಯಾತ್ರೆಯೇ.

ಮೂರನೇ ಲೆಕ್ಕ: ಬಸ್ಸು

ಕಾರ್ ಇದ್ದವರು ಈ ಭಾಗ ಬಿಟ್ಟು ಓದಬಹುದು. ಬಸ್ಸಲ್ಲಿ ಹೋಗೋರಿಗೆ ಇದೇ ಮುಖ್ಯ.

ಈ ಸೀಮೆಯ ನಕ್ಷೆ ನೋಡಿದರೆ ನಮ್ಮ ನೆಟ್‌ವರ್ಕ್ ಪಾಠದ ಸ್ಟಾರ್ ಚಿತ್ರ ನೆನಪಾಗುತ್ತೆ. ನಡುವೆ ಮುಳಬಾಗಿಲು. ಅದರಿಂದ ನೈಋತ್ಯಕ್ಕೆ ಆವಣಿ, ಹದಿನೈದು ಕಿಲೋಮೀಟರ್ ಆಸುಪಾಸು. ವಾಯವ್ಯಕ್ಕೆ ಕುರುಡುಮಲೆ, ಸುಮಾರು ಹತ್ತು ಕಿಲೋಮೀಟರ್. ಇನ್ನೊಂದು ಕಡೆ ಬೈರಕೂರು. ಆವಣಿಯಿಂದ ಕುರುಡುಮಲೆಗೆ ಬಸ್ಸಲ್ಲಿ ಹೋಗ್ತೀವಿ ಅಂದರೆ ಮುಳಬಾಗಿಲಿಗೆ ಬಂದೇ ಹೋಗೋದು ಸರಿ. ನಕ್ಷೆಯಲ್ಲಿ ಹತ್ತಿರ ಕಾಣೋ ಎರಡು ಊರು ಬಸ್ಸಿನ ಲೆಕ್ಕದಲ್ಲಿ ಹತ್ತಿರ ಇರಲ್ಲ. ಪ್ರತಿ ಸಲ ಬಸ್ ಬದಲಿಸೋ ಕಡೆ ಅರ್ಧ ಗಂಟೆ ಕಾಯೋಕೆ ಅಂತ ಇಡಿ. ಅದು ವ್ಯರ್ಥ ಅಲ್ಲ, ಅದೇ ತಿಂಡಿ ಟೈಮ್.

ಬಸ್ ಲೆಕ್ಕ ಹಿಂದಿನಿಂದ ಮುಂದಕ್ಕೆ ಮಾಡಿ. ಸಂಜೆ ಊರಿಗೆ ಬರೋ ಬಸ್ ಯಾವುದು, ಅದು ತಪ್ಪಿದರೆ ಮುಂದಿನದು ಯಾವುದು ಅಂತ ಮೊದಲು ತಿಳ್ಕೊಳ್ಳಿ. ಆಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಬನ್ನಿ. ಬೆಳಗಿನ ಬಸ್ ತಪ್ಪಿದರೆ ಒಂದು ಜಾಗ ಕಮ್ಮಿ ಆಗುತ್ತೆ ಅಷ್ಟೇ. ಸಂಜೆ ಬಸ್ ತಪ್ಪಿದರೆ ಹಸು ಕೂಗ್ತಾ ನಿಂತಿರುತ್ತೆ. ಹಳ್ಳಿ ಬಸ್ಸಿನ ಟೈಮ್ ಫೋನ್ ಆಪ್‌ನಲ್ಲಿ ಹುಡುಕೋದಕ್ಕಿಂತ ಹಿಂದಿನ ದಿನ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಅಣ್ಣನನ್ನ ಕೇಳೋದು ವಾಸಿ. ಭಾನುವಾರಕ್ಕೂ ಅದೇ ಟೈಮಾ ಅಂತಲೂ ಕೇಳಿ.

ಖರ್ಚಿನ ಲೆಕ್ಕದಲ್ಲಿ ಒಂದು ಒಳ್ಳೆ ಸುದ್ದಿ. 2023ರ ಜೂನ್ 11ರಿಂದ ಕರ್ನಾಟಕದಲ್ಲಿ ಶಕ್ತಿ ಯೋಜನೆ ಇದೆಯಲ್ಲ, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ. ಅಜ್ಜಿಯ ಆಧಾರ್ ಕಾರ್ಡ್ ಚೀಲಕ್ಕೆ ಹಾಕೋದು ಮರೀಬೇಡಿ. ಗಡಿ ಊರಾದ್ದರಿಂದ ಆಂಧ್ರದ ಬಸ್ಸುಗಳೂ ಓಡಾಡ್ತಾವೆ, ಪ್ರೈವೇಟ್ ಬಸ್ಸುಗಳೂ ಇರ್ತವೆ. ಅವುಗಳಿಗೆ ಈ ಯೋಜನೆ ಅನ್ವಯ ಆಗಲ್ಲ, ಹತ್ತೋ ಮುಂಚೆ ಬೋರ್ಡ್ ನೋಡಿ.

ಕೊನೆಗೆ ಬಂದ ಪ್ಲಾನ್

ಮೂರೂ ಲೆಕ್ಕ ಸೇರಿಸಿ ನಾವು ಹಾಕಿದ ಪಟ್ಟಿ ಇದು. ಟೈಮ್ ನಮ್ಮದು, ಬಸ್ ಟೈಮ್ ನೀವು ವಿಚಾರಿಸಿ ಬದಲಾಯಿಸಿಕೊಳ್ಳಿ.

ಬೆಳಗ್ಗೆ 5:30 – ಹಾಲು ಕರೆದು ಡೈರಿಗೆ ಹಾಕೋದು. ಚಿತ್ರಾನ್ನ, ನೀರು ಕಟ್ಟಿಕೊಳ್ಳೋದು.
7:00 – ಬೈರಕೂರು ಬಿಡೋದು.
8:00 – ಮುಳಬಾಗಿಲಲ್ಲಿ ಬಸ್ ಬದಲಾಯಿಸೋದು, ಕಾಫಿ.
9:00 – ಆವಣಿ. ಬೆಟ್ಟ ಹತ್ತೋಕೆ ಶುರು.
10:20 – ಸೀತಮ್ಮನ ಗುಡಿ. ಅಲ್ಲಿ 20 ನಿಮಿಷ.
10:45 – ಎಲ್ಲಿದ್ದರೂ ಇಳಿಯೋಕೆ ಶುರು.
11:30 – ಕೆಳಗಿನ ರಾಮಲಿಂಗೇಶ್ವರ ಗುಂಪು, ಮಂಟಪದ ನೆರಳು.
12:30 – ಆವಣಿ ಬಿಡೋದು.
1:15 – ಮುಳಬಾಗಿಲು, ಊಟ.
2:00 – ಆಟೋದಲ್ಲಿ ಕುರುಡುಮಲೆ.
3:45 – ಮುಳಬಾಗಿಲು ಬಸ್ ಸ್ಟ್ಯಾಂಡ್.
5:00 – ಮನೆ.

ಬೆಟ್ಟದ ಮೇಲಿನ ಗುಡಿಯ ಪೂಜಾರಿಯವರು ಎಷ್ಟೊತ್ತಿಗೆ ಇರ್ತಾರೆ ಅಂತ ಕೆಳಗೇ ವಿಚಾರಿಸಿ ಹತ್ತಿ. ಮಧ್ಯಾಹ್ನದ ಹೊತ್ತು ಬಹಳ ದೇವಸ್ಥಾನಗಳಲ್ಲಿ ಗರ್ಭಗುಡಿ ಬಾಗಿಲು ಹಾಕಿರುತ್ತೆ, ಕುರುಡುಮಲೆಗೂ ಅದನ್ನ ಮೊದಲೇ ಕೇಳಿಕೊಳ್ಳಿ.

ಮುಳಬಾಗಿಲಲ್ಲಿ ಊಟ ಅಂದರೆ ದೋಸೆ ಅಂತ ಬೇರೆ ಹೇಳಬೇಕಾ? ಮುಳಬಾಗಿಲು ದೋಸೆ ಪೇಪರ್ ದೋಸೆ ತರ ತೆಳ್ಳಗಲ್ಲ. ದಪ್ಪಗೆ, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ನಮ್ಮ ಕನ್ನಡ ಸಂಘದವರಿಗೆ ಇನ್ನೊಂದು ವಿಷಯ: ಡಿ.ವಿ.ಜಿ. 1887ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಊರಿನ ಹೆಸರು 'ಮೂಡಲ ಬಾಗಿಲು', ಅಂದರೆ ಪೂರ್ವದ ಬಾಗಿಲು ಅನ್ನೋದರಿಂದ ಬಂದಿದ್ದು. ತಿರುಪತಿಗೆ ಹೋಗೋರು ಇಲ್ಲಿನ ಆಂಜನೇಯನಿಗೆ ಕೈ ಮುಗಿದು ಮುಂದೆ ಹೋಗೋ ಪದ್ಧತಿ ಇದೆ.

ಕುರುಡುಮಲೆಯಲ್ಲಿ ಹದಿಮೂರು ಅಡಿಗೂ ಎತ್ತರದ ಏಕಶಿಲಾ ಗಣಪತಿ ಇದ್ದಾನೆ. ಅಲ್ಲೇ ಸೋಮೇಶ್ವರ ದೇವಸ್ಥಾನವೂ ಇದೆ. ಅದರ ಒಂದು ಭಾಗ ಜಕಣಾಚಾರಿ, ಇನ್ನೊಂದು ಭಾಗ ಅವನ ಮಗ ಡಂಕಣ ಕೆತ್ತಿದ್ದು ಅಂತ ಜನ ಹೇಳ್ತಾರೆ. ಅಪ್ಪ-ಮಗನ ಕೈಯ ವ್ಯತ್ಯಾಸ ನಿಮಗೆ ಕಾಣುತ್ತಾ ಅಂತ ನೋಡಿ.

ಪಟ್ಟಿಯಿಂದ ಏನು ತೆಗೆಯೋದು?

ಪ್ಲಾನ್ ಹಾಕೋದರಲ್ಲಿ ಸೇರಿಸೋದು ಸುಲಭ, ತೆಗೆಯೋದು ಕಷ್ಟ. 'ಇಷ್ಟು ದೂರ ಹೋಗಿ ಕೋಟಿಲಿಂಗೇಶ್ವರ ನೋಡದೆ ಬರೋದಾ?' ಅಂತ ಒಬ್ಬರಾದರೂ ಕೇಳೇ ಕೇಳ್ತಾರೆ. ಕೋಟಿಲಿಂಗೇಶ್ವರ, 2001ರಲ್ಲಿ ಮುಚ್ಚಿದ ಕೆಜಿಎಫ್ ಚಿನ್ನದ ಗಣಿಯ ಊರು, ಕೋಲಾರದ ಅಂತರಗಂಗೆ, ಮೂರೂ ನೋಡೋ ಜಾಗಗಳೇ. ಆದರೆ ಅವು ಇನ್ನೊಂದು ದಿನದ ಪ್ಲಾನ್. ಹತ್ತು ಗಂಟೆಗೆ ತುರುಕಿದರೆ ಯಾವುದನ್ನೂ ನೋಡಿದ ಹಾಗಾಗಲ್ಲ.

ಉಳಿದಿದ್ದರಲ್ಲೂ ಎಲ್ಲಕ್ಕೂ ಒಂದೇ ಬೆಲೆ ಕೊಡಬೇಡಿ. ನಮ್ಮ ಪಟ್ಟಿಯಲ್ಲಿ ಸೀತಮ್ಮನ ಗುಡಿ ಮತ್ತು ಸಂಜೆಯ ಬಸ್, ಎರಡಕ್ಕೂ ಕೆಂಪು ಗೆರೆ. ಕುರುಡುಮಲೆಗೆ ಪೆನ್ಸಿಲ್ ಗೆರೆ. 'ಒಂದೂವರೆಗೆ ಮುಳಬಾಗಿಲಲ್ಲಿ ಇಲ್ಲ ಅಂದರೆ ಕುರುಡುಮಲೆ ಇಲ್ಲ' ಅಂತ ಮೊದಲೇ ತೀರ್ಮಾನ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪಾಠದಲ್ಲಿ ಇದಕ್ಕೆ ಫ್ಲೋಟ್ ಅಂತಾರೆ: ಮುಖ್ಯ ಕೆಲಸ ಕೆಡದ ಹಾಗೆ ಎಷ್ಟು ಹೊತ್ತು ಅತ್ತಿತ್ತ ಆಗಬಹುದು ಅನ್ನೋ ಲೆಕ್ಕ. ಫ್ಲೋಟ್ ಇಲ್ಲದ ಪ್ಲಾನ್‌ನಲ್ಲಿ ಒಂದು ಬಸ್ ತಡ ಆದರೆ ಎಲ್ಲರ ಮುಖವೂ ಗಂಟಾಗುತ್ತೆ.

ಯಾವ ತಿಂಗಳು, ಚೀಲದಲ್ಲಿ ಏನು?

ಡಿಸೆಂಬರ್‌ನಿಂದ ಫೆಬ್ರವರಿ ತನಕ ಒಳ್ಳೇದು. ಮಾರ್ಚ್ ಮೇಲೆ ಬಿಸಿಲು. ಏಪ್ರಿಲ್-ಮೇ ಸಂಜೆಗಳಲ್ಲಿ ಗುಡುಗು-ಸಿಡಿಲು ಬರುತ್ತೆ, ಬೋಳು ಬಂಡೆ ಮೇಲೆ ಎಲ್ಲಕ್ಕಿಂತ ಎತ್ತರಕ್ಕೆ ನಿಂತಿರೋದು ನಾವೇ ಆಗಿರ್ತೀವಿ, ಅದು ಬೇಡ. ಅಕ್ಟೋಬರ್-ನವೆಂಬರ್ ಮಳೆಯಲ್ಲಿ ಬಂಡೆ ಜಾರುತ್ತೆ. ಶಿವರಾತ್ರಿ ಸಮಯದಲ್ಲಿ ಆವಣಿಯಲ್ಲಿ ದೊಡ್ಡ ರಥೋತ್ಸವ, ದನಗಳ ಜಾತ್ರೆ. ಎತ್ತು ನೋಡೋ ಆಸೆ ಇದ್ದರೆ ಆಗ ಹೋಗಿ, ಆದರೆ ನಿಧಾನವಾಗಿ ಬೆಟ್ಟ ಹತ್ತೋರಿಗೆ ಆ ಜನಜಂಗುಳಿ ಕಷ್ಟ.

ತಲೆಗೆ ಒಂದು ಲೀಟರ್ ನೀರು ಕಮ್ಮಿ ಅಂದರೂ ಬೇಕು. ಟವೆಲ್ ಅಥವಾ ಟೋಪಿ, ದೊಡ್ಡವರಿಗೆ ಅವರ ಮಾತ್ರೆ, ಸ್ವಲ್ಪ ಬೆಲ್ಲ-ಕಡ್ಲೆಬೀಜ. ಬರಿಗಾಲಲ್ಲಿ ಹತ್ತೋರಿಗೆ ದಪ್ಪ ಕಾಲುಚೀಲ ಚೀಲದಲ್ಲಿರಲಿ. ಕೋತಿಗಳಿವೆ, ತಿಂಡಿ ಕವರ್ ಕೈಯಲ್ಲಿ ಹಿಡಿದು ಹತ್ತಬೇಡಿ.

ಇನ್ನೊಂದು ಮಾತು. ಫ್ಯೂಜಿ ಪಕ್ಕದ ಫುಜಿಕವಾಗುಚಿಕೊ ಊರಲ್ಲಿ ಒಂದು ಅಂಗಡಿಯ ಹಿಂದೆ ಬೆಟ್ಟ ಚೆನ್ನಾಗಿ ಕಾಣುತ್ತೆ ಅಂತ ಫೋಟೋಗೆ ಜನ ಮುಗಿಬಿದ್ದರು. ರಸ್ತೆಗೆ ಅಡ್ಡ ನಿಂತರು, ಕಸ ಹಾಕಿದರು. ಬೇಸತ್ತ ಊರಿನವರು 2024ರ ಮೇ ತಿಂಗಳಲ್ಲಿ ಬೆಟ್ಟ ಕಾಣದ ಹಾಗೆ ಕಪ್ಪು ಪರದೆ ಕಟ್ಟಿಸಿದರು. ಅದೇ ವರ್ಷ ಯಮನಾಶಿ ಕಡೆಯ ದಾರಿಯಲ್ಲಿ ಹತ್ತೋಕೆ 2,000 ಯೆನ್ ಶುಲ್ಕ, ದಿನಕ್ಕೆ 4,000 ಜನರ ಮಿತಿ ಬಂತು. ಆವಣಿಗೆ ಅಂಥ ದಿನ ಬರೋ ಲಕ್ಷಣ ಇಲ್ಲ, ಬರೋದೂ ಬೇಡ. ಬಂಡೆ ಮೇಲೆ ಹೆಸರು ಕೆತ್ತಬೇಡಿ, ನೀರಿನ ಬಾಟಲಿ ವಾಪಸ್ ತನ್ನಿ. ಸಾವಿರ ವರ್ಷದ ಹಿಂದೆ ಐವತ್ತು ಗುಡಿ ಕಟ್ಟಿಸಿದವರ ಹೆಸರು ಕಲ್ಲಲ್ಲಿ ಇದೆ, ಸರಿ. ನಾವೇನು ಕಟ್ಟಿಸಿದ್ದೀವಿ?

ಪ್ಲಾನ್ ನಡೀತಾ?

ಜನವರಿಯ ಒಂದು ಭಾನುವಾರ ಹೋದ್ವಿ. ಅಜ್ಜಿ ಐದು ಕಡೆ ಕೂತರು, ನಾವೂ ಐದು ಕಡೆ ಕೂತ್ವಿ. ಗುಡಿ ಮುಟ್ಟಿದಾಗ 10:10. ನಮ್ಮ ಲೆಕ್ಕಕ್ಕಿಂತ ಹತ್ತು ನಿಮಿಷ ಮುಂಚೆ. ಅಲ್ಲಿಗೆ ನಾವು 20 ನಿಮಿಷ ಇಟ್ಟಿದ್ವಿ. ಅಜ್ಜಿ ಸೀತಮ್ಮನ ಮುಂದೆ ಗೋಡೆಗೆ ಒರಗಿ ಕೂತವರು ಏಳಲಿಲ್ಲ. ಏನೋ ಮೆಲ್ಲಗೆ ತೆಲುಗಿನಲ್ಲಿ ಮಾತಾಡ್ತಿದ್ದರು, ನಮ್ಮ ಜೊತೆ ಅಲ್ಲ. 10:45ರ ನಿಯಮ ಅವರಿಗೇ ನೆನಪಿತ್ತು, "ಹೊತ್ತಾಯ್ತಲ್ವಾ, ನಡೀರಿ" ಅಂತ ಅವರೇ ಎದ್ದರು. ಇಳಿಯೋಕೆ 50 ನಿಮಿಷದ ಜಾಗದಲ್ಲಿ ಒಂದು ಗಂಟೆ ಹತ್ತು ನಿಮಿಷ ಆಯ್ತು. ಕೆಳಗೆ ಲಕ್ಷ್ಮಣೇಶ್ವರನ ಗೋಡೆಯ ಶಿಲ್ಪಗಳನ್ನ ಅವರಿಗೆ ಒಂದೊಂದಾಗಿ ನೋಡಬೇಕಿತ್ತು. ಮುಳಬಾಗಿಲು ತಲುಪಿದಾಗ ಎರಡೂ ಕಾಲು. ಪೆನ್ಸಿಲ್ ಗೆರೆ ಅಳಿಸಿದ್ವಿ, ಆರಾಮಾಗಿ ದೋಸೆ ತಿಂದ್ವಿ. 4:50ಕ್ಕೆ ಮನೆ, ಸಂಜೆಯ ಹಾಲು ಹೊತ್ತಿಗೆ ಸರಿಯಾಗಿ ಡೈರಿಗೆ ಹೋಯ್ತು.

ಕುರುಡುಮಲೆ ಗಣಪತಿ ಹೇಗಿದ್ದರೂ ಕಾಯ್ತಾನೆ, ಅಲ್ಲಿ ಹತ್ತೋಕೆ ಬೆಟ್ಟ ಇಲ್ಲ. ಅದಕ್ಕೆ ಯುಗಾದಿ ರಜೆಯಲ್ಲಿ ಹೋಗೋಣ ಅಂತ ಅಜ್ಜಿ ಈಗಲೇ ಪಕ್ಕದ ಮನೆಯವರ ಹತ್ತಿರ ಹಸುವಿನ ವಿಷಯ ಮಾತಾಡಿದ್ದಾರಂತೆ.

ನಿಮ್ಮ ಊರಿನ ಪಕ್ಕದಲ್ಲೂ ಒಂದು ಬೆಟ್ಟ ಇದ್ದೇ ಇರುತ್ತೆ, ಮನೆಯಲ್ಲಿ 'ಒಂದು ಸಲ ನೋಡಬೇಕು' ಅಂತ ಕಾಯ್ತಿರೋರೂ ಇರ್ತಾರೆ. ಅವರ ದಿನ ಎಷ್ಟು ಗಂಟೆ ಅಂತ ಕೇಳಿ, ಲೆಕ್ಕ ಹಾಕಿ, ನಮಗೂ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಿಮ್ಮ ಬೆಟ್ಟದ ಪ್ಲಾನ್ ಹಾಕೋಣ.